ಡಿಸ್ಕೋ ಮಾಸ್ತರರ ಆರನೆಯ ಹಾಡು

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎಂದು ನಮ್ಮಪ್ಪ ಹೇಳುತ್ತಿದ್ದರು. ಆ ಮಾತು ಪಾಲಿಸಿದರೆ ಮಾಸ್ತರರ ಬಗ್ಗೆ ನಾನು ಅರ್ಧ ಮಾತ್ರ ಬರೆಯಬೇಕಾಗುತ್ತದೆ. ಉಳಿದರ್ಧ ಬಿಟ್ಟು ಬರೆದರೆ ಅವರನ್ನು ಬಲ್ಲವರು ನನ್ನ ಮುಖಕ್ಕೇ ನಕ್ಕಾರು, ಅವರ ಹೆಂಡತಿಯಂತೂ ನನ್ನೊಂದಿಗೆ ಮಾತೇ ಬಿಟ್ಟಾರು. ಆ ಹೆಣ್ಣುಮಗಳು ಮಾತು ಬಿಟ್ಟರೆ ಹೇಗೆ ಬಿಡುತ್ತಾರೆಂಬುದನ್ನು ನಾನು ಕಣ್ಣಾರೆ ಕಂಡವಳು. ಆದ್ದರಿಂದ ಅಪ್ಪನ ಮಾತು ಮೀರಿ ಪೂರ್ತಿಯಾಗಿಯೇ ಬರೆಯುತ್ತಿದ್ದೇನೆ.

ಇಳಕಲ್ಲಿನವರು ಅವರನ್ನು ಎದುರಿಗೆ ಮಾಸ್ತರ ಎನ್ನುತ್ತಿದ್ದರು, ಬೆನ್ನ ಹಿಂದೆ ಡಿಸ್ಕೋ ಮಾಸ್ತರ. ಒಂದು ಕಾಲಕ್ಕೆ ಅವರದೇ ಆರ್ಕೆಸ್ಟ್ರಾ ಇತ್ತು. ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆ ಯಾವ ದೊಡ್ಡ ಮದುವೆಯಾದರೂ ಕೀಬೋರ್ಡಿನ ಹಿಂದೆ ಬಿಳಿ ಬೂಟು ಹಾಕಿಕೊಂಡು ನಿಂತಿರುತ್ತಿದ್ದವರು ಇವರೇ. ಡಿಜೆ ಬಂದ ಮೇಲೆ ಆರ್ಕೆಸ್ಟ್ರಾ ಯಾರಿಗೂ ಬೇಡವಾಯಿತು. ಡ್ರಮ್ಮಿನವನು ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋದ, ಗಿಟಾರಿನವನು ಸೀರೆ ಅಂಗಡಿ ಸೇರಿದ. ಮಾಸ್ತರರು ಮನೆಯಲ್ಲೇ ಉಳಿದರು. ಅರವತ್ತು ದಾಟಿದ ಮೇಲೆ, ಮದರಂಗಿ ಹಚ್ಚಿ ಕೆಂಪಾದ ತಲೆ ಅಲ್ಲಾಡಿಸುತ್ತ, ಒಂದು ಪ್ರೀತಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳುವ ಡಿಸ್ಕೋ ಆಲ್ಬಂ ಮಾಡತೊಡಗಿದರು. ಊರು ನಗದೆ ಇನ್ನೇನು ಮಾಡೀತು?

ನಾನು ಹುನಗುಂದದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು. ನಮ್ಮ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಕೀಬೋರ್ಡ್ ನುಡಿಸಲು ಬಂದಾಗಲೇ ಅವರನ್ನು ಮೊದಲು ಕಂಡದ್ದು. ಒಂಬತ್ತನೇ ಇಯತ್ತೆಯ ಹುಡುಗಿಯೊಬ್ಬಳು ನಾಡಗೀತೆಯಂಥ ಒಂದು ಹಾಡನ್ನು ನಡುವೆ ಮರೆತು ಕಲ್ಲಾಗಿ ನಿಂತುಬಿಟ್ಟಳು. ಮಾಸ್ತರರು ನುಡಿಸುವುದನ್ನು ನಿಲ್ಲಿಸಲಿಲ್ಲ. ಅದೇ ಸಾಲಿನ ಸ್ವರವನ್ನು ಮತ್ತೆ ಮತ್ತೆ ತಿರುವುತ್ತ, ಬಲಗಾಲಿನ ಹಿಮ್ಮಡಿಯಿಂದ ನೆಲ ಕುಟ್ಟುತ್ತ, ಅವಳ ಕಡೆ ನೋಡಿ ನಗುತ್ತಲೇ ಇದ್ದರು. ಹುಡುಗಿಗೆ ಪದ ನೆನಪಾಯಿತು, ಹಾಡು ಮುಂದುವರಿಯಿತು, ಮರೆತದ್ದೇ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಚಹಾ ಕುಡಿಯುವಾಗ ನಾನು ಹೊಗಳಿದೆ.

“ಬೀಟ್ ನಿಂದ್ರಬಾರದ್ರಿ ಅಕ್ಕಾರ,” ಅಂದರು, ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಳ್ಳುತ್ತ. “ಏನರ ಆಗ್ಲಿ. ಬೀಟ್ ನಿಂತಿತಂದ್ರ ಮಂದಿಗೆ ಗೊತ್ತಾಗ್ತೈತಿ.”

ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕಾರು ಎನ್ನುತ್ತಾರೆ. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರಾದರೂ ಕೊನೆಯವರೆಗೂ ಹಾಗೇ ಕರೆದರು.

ಒಂದು ತಿಂಗಳಾದ ಮೇಲೆ ಬಸ್ಸು ಹತ್ತಿ ನಮ್ಮ ಶಾಲೆಗೇ ಬಂದರು. ಆಲ್ಬಮ್ಮಿಗೆ ಹೆಣ್ಣು ದನಿ ಬೇಕಾಗಿತ್ತು. ನಾನು ಶನಿವಾರದ ಭಜನೆ ಹಾಡುವವಳು, ಡಿಸ್ಕೋ ಎಂದರೆ ಗಾವುದ ದೂರ. ಹಾಗೆಂದೆ. “ಭಜನಿ ಹಾಡೋರ ಬೇಕ್ರಿ. ನಂಬಿ ಹಾಡೋರು ಬೇಕು,” ಅಂದರು. ಸ್ಟಾಫ್ ರೂಮಿನಲ್ಲಿ ನಮ್ಮ ಗಣಿತದ ಸರ್ ಒಂದು ವಾರ ನನ್ನನ್ನು ಕಾಡಿದರು: “ಅಕ್ಕಾರ ಇನ್ನ ಮ್ಯಾಲ ಪಾಠಾ ಹೇಳೂಮುಂದ ಕುಣೀತಾರೇನ?” ಆ ಗೇಲಿಗೆ ಹಟ ಹುಟ್ಟಿಯೇ ನಾನು ಒಪ್ಪಿದೆನೋ ಏನೋ.

ಭಾನುವಾರ ಇಳಕಲ್ಲಿಗೆ ಹೋಗುತ್ತಿದ್ದೆ. ಪಕ್ಕದ ಮನೆಯಲ್ಲಿ ಸೀರೆಯ ಮಗ್ಗ. ಅದು ಊಟಕ್ಕೆ ನಿಂತ ಹೊತ್ತಿನಲ್ಲಿ ಮಾತ್ರ ರೆಕಾರ್ಡಿಂಗು. ಕಿಟಕಿಗೆ ಕೌದಿ ಕಟ್ಟಿ, ಬಾಗಿಲಿಗೆ ಗಾದಿ ಆನಿಸಿ, ಒಳಗೆ ಬೆವರು ಸುರಿಸುತ್ತ ಹಾಡಬೇಕಿತ್ತು. ಹಾಡುಗಳು ಒಟ್ಟು ಆರು. ಮೊದಲನೆಯದು ನೋಟ, ಎರಡನೆಯದು ಮಾತು, ಮೂರನೆಯದು ಮನೆ ಬಿಟ್ಟು ಓಡಿ ಬಂದದ್ದು, ನಾಲ್ಕನೆಯದು ಒಲೆ ಹೂಡಿದ್ದು. ಐದನೆಯದರ ಹೆಸರು ಮದುವೆ ಮನೆ. ಆರನೆಯದು ಮತ್ತೆ ಮಾತು. ಹಾಡು ಹಾಡಿನ ನಡುವೆ ಬಿಡುವಿಲ್ಲ. ಒಂದು ಮುಗಿಯುವ ಮೊದಲೇ ಅದೇ ಬೀಟಿನ ಮೇಲೆ ಇನ್ನೊಂದು ಏರಿ ಬರುತ್ತಿತ್ತು. ಮಾತುಗಳನ್ನೂ ಅವರೇ ಬರೆದಿದ್ದರು. ‘ಬಸ್ಸಿನ್ಯಾಗ ಜಾಗಿಲ್ಲ, ನಿನ್ನ ಬಾಜೂಕ ನಿಂತರ ಬ್ಯಾಸರಿಲ್ಲ’ ಎಂಬಂಥ ಸಾಲುಗಳು. ತಿದ್ದೋಣವೆಂದು ಕೈ ತುರಿಸುತ್ತಿತ್ತು, ಆದರೆ ಹಾಡಿದಾಗ ತಿದ್ದುವಂಥದು ಏನೂ ಉಳಿಯುತ್ತಿರಲಿಲ್ಲ.

ಆ ಮನೆಯಲ್ಲಿ ನನ್ನನ್ನು ಬೆಚ್ಚಿಸಿದ್ದು ಬೇರೆಯೇ. ಮಾಸ್ತರರೂ ಅವರ ಹೆಂಡತಿಯೂ ಪರಸ್ಪರ ಮಾತಾಡುತ್ತಿರಲಿಲ್ಲ. ಹೆಂಡತಿಯನ್ನು ನಾನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ಊಟಕ್ಕೆ ಕೂತಾಗ ಮಾಸ್ತರರು ನನ್ನ ಕಡೆ ತಿರುಗಿ, “ಅಕ್ಕಾರ, ಪಲ್ಯಾಕ್ಕ ಉಪ್ಪು ಕಡಿಮಿ ಆಗೇತಂತ ಹೇಳ್ರಿ,” ಅನ್ನುತ್ತಿದ್ದರು. ಆಪಾ ಎರಡು ಮೊಳ ದೂರದಲ್ಲಿ ಕೂತಿರುತ್ತಿದ್ದರು. “ಉಪ್ಪಿನ ಡಬ್ಬಿ ಅವರ ಎಡಕ್ಕ ಐತಂತ ಹೇಳ್ರಿ,” ಎಂದು ಅವರೂ ನನಗೇ ಹೇಳುತ್ತಿದ್ದರು. ಮೊದಲ ದಿನ ನಾನು ಪೆಚ್ಚಾಗಿ ಎರಡೂ ಕಡೆ ಮಾತು ಮುಟ್ಟಿಸಿದೆ. ಆಮೇಲೆ ಅದರ ಅಗತ್ಯವಿಲ್ಲವೆಂದು ತಿಳಿಯಿತು. ನಾನು ಬರೀ ಅಲ್ಲಿ ಇದ್ದರೆ ಸಾಕಿತ್ತು.

“ನಾ ಇಲ್ಲದಾಗ ಏನ ಮಾಡ್ತೀರಿ?” ಎಂದು ಒಮ್ಮೆ ನಗುತ್ತ ಕೇಳಿದೆ.

“ಆಡಿಗೆ ಹೇಳ್ತೀವ್ರಿ,” ಅಂದರು ಆಪಾ. ಹಿತ್ತಿಲಲ್ಲಿ ಒಂದು ಆಡು ಕಟ್ಟಿತ್ತು. ಅವರು ನಗಲಿಲ್ಲ. ಎಲ್ಲೆಲ್ಲೂ ಗಂಡಹೆಂಡಿರು ಜಗಳಾಡಿ ನಾಲ್ಕು ದಿನ ಹೀಗೆ ಗೋಡೆಗೆ ಮಾತಾಡುವುದುಂಟು. ಇಲ್ಲಿ ಅದು ಇಪ್ಪತ್ತು ವರ್ಷದ ಸಂಸಾರವಾಗಿತ್ತು.

ಐದನೆಯ ಹಾಡಿನ ಹೊತ್ತಿಗೆ ನನಗೂ ಮಾಸ್ತರರಿಗೂ ಬಿತ್ತು ಜಗಳ. ಮಾತುಗಳು ಕರುಳು ಹಿಂಡುವಂಥವು. ಹೆಣ್ಣೊಬ್ಬಳು ಸ್ಟೇಜಿನ ಮೇಲೆ ನಗುತ್ತ ಹಾಡುತ್ತಿದ್ದಾಳೆ, ಅವಳಿಗೆ ಬಂದ ಸುದ್ದಿ ಇನ್ನೊಬ್ಬರ ಕಿಸೆಯಲ್ಲಿದೆ. ಅದಕ್ಕೂ ಅದೇ ಧಕ್ ಧಕ್ ಡಿಸ್ಕೋ. “ಇದನ್ನರ ಸ್ವಲ್ಪ ನಿಧಾನ ಮಾಡ್ರಿ ಮಾಸ್ತರ. ದುಃಖದ ಹಾಡಿಗೆ ಇದೇನ ಕುಣಿತಾ?” ಅಂದೆ.

“ಆಗಂಗಿಲ್ರಿ.”

“ಯಾಕ ಆಗಂಗಿಲ್ಲ?”

“ಅವತ್ತ ಬೀಟ್ ಇದ ಇತ್ತು.”

ಕೌದಿಯೊಳಗಿನ ಸೆಕೆಗೂ ಅವರ ಮೊಂಡುತನಕ್ಕೂ ಬೇಸತ್ತು ನಾನು ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣದ ದಾರಿ ಹಿಡಿದೆ.

ಮುಂದಿನ ಭಾನುವಾರ ಹೋಗಬಾರದೆಂದಿದ್ದೆ, ಹೋದೆ. ಮಾಸ್ತರರು ಮಧ್ಯಾಹ್ನದ ಜೋಹರ್ ನಮಾಜಿಗೆ ಹೋಗಿದ್ದರು. ಆಪಾ ರೊಟ್ಟಿ ಬಡಿಯುತ್ತಿದ್ದರು. ನನ್ನನ್ನು ಒಲೆಯ ಹತ್ತಿರ ಕೂರಿಸಿಕೊಂಡರು.

“ಅಕ್ಕಾರ, ಆ ಐದನೇದು ಹಾಡ್ತೀರಲ್ಲ, ಅದು ಯಾವ ಮದವಿ ಗೊತ್ತೇನ್ರಿ?”

ಗೊತ್ತಿಲ್ಲವೆಂದೆ.

“ಶಿರೂರಾಗಿಂದು. ಆರ್ಕೆಸ್ಟ್ರಾದಾಗ ಹೆಣಮಕ್ಕಳ ದನಿ ನನ್ನದ ಇತ್ತು. ನನ್ನ ಬಾದಾಮಿಯಿಂದ ಓಡಿಸಿಕೊಂಡ ಬಂದಿದ್ದರಲ್ಲ, ನಮ್ಮಪ್ಪಾ ಅಣ್ಣಗೋಳು ಮಾರಿ ನೋಡ್ತಿದ್ದಿಲ್ಲ. ಅಮ್ಮಾ ಒಬ್ಬಾಕಿ ಬಳಿ ಇಡಿಸಿಕೊಳ್ಳಾಕ ಅಂತ ನೆವಾ ಹೇಳಿ ಬಾಜೂಕಿನ ಚೊಳಚಗುಡ್ಡಕ್ಕ ಬಂದು ನನ್ನ ನೋಡಿ ಹೋಗ್ತಿದ್ಳು. ಅವತ್ತ ನಾ ಹಾಡಾಕತ್ತಾಗ ಇವರ ಮೊಬೈಲಿಗೆ ನಮ್ಮ ಮನಿಯಿಂದ ಫೋನ್ ಬಂತು. ಅಮ್ಮಾ ಹೋಗ್ಬಿಟ್ಟಿದ್ಳು. ಇವರು ಕೇಳಿದ್ರು. ‘ಹೊಂಟೇವಿ’ ಅಂದ್ರು. ಫೋನ್ ಕಿಸೆದಾಗ ಇಟ್ಟು, ನನ್ನ ಕಡೆ ನೋಡಿ ನಕ್ಕು ಕೈ ಮಾಡಿದ್ರು. ಮುಂದಿನ ಹಾಡು ಹಾಡು ಅಂತ.”

ರೊಟ್ಟಿ ಹಂಚಿನ ಮೇಲೆ ಉಬ್ಬಿತು. ಆಪಾ ಅದನ್ನು ತೆಗೆದು ಬುಟ್ಟಿಗೆ ಹಾಕಿ ಇನ್ನೊಂದು ಹಿಟ್ಟಿನುಂಡೆ ತೆಗೆದುಕೊಂಡರು.

“ಹಾಡಿದ್ನಿ. ಕುಣಕೋಂತ ಹಾಡಿದ್ನಿ. ಮಂದಿ ಸೀಟಿ ಹೊಡದ್ರು. ಅಲ್ಲಿ ನಮ್ಮಣ್ಣಗೋಳು ಹೊಂಟೇವಿ ಅಂದಾರಲ್ಲ ಅಂತ ನನ್ನ ದಾರಿ ಕಾದಾರ. ಇನ್ನ ಇಡೂದು ಆಗಂಗಿಲ್ಲ ಅಂತ ಹಿರ್ಯಾರು ಎತ್ತಿಸ್ಯಾರ. ನಾ ಓಣ್ಯಾಗ ಕಾಲಿಡೂದಕ್ಕ ಮಣ್ಣು ಕೊಟ್ಟು ಹೊಳ್ಳಿ ಬರಾಕತ್ತಿದ್ರು. ಅಮ್ಮಾನ ಮಾರಿ ನೋಡ್ಲಿಲ್ಲ ನಾ. ತುಟಿಗೆ ಬಣ್ಣ ಹಂಗ ಇತ್ತು ನಂದು.”

ಅವರು ಸಮಾಧಾನದ ಮಾತು ಬೇಡುತ್ತಿರಲಿಲ್ಲ. ಅಂದಿನಿಂದ ಅವರು ಹಾಡಿಲ್ಲ, ಗಂಡನೊಂದಿಗೆ ಮಾತಾಡಿಲ್ಲ. ಬಿಟ್ಟುಹೋಗಲು ತವರಿರಲಿಲ್ಲ. ಅಡುಗೆ ಮಾಡಿ ಬಡಿಸಿದರು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟರು, ಮಾತು ಮಾತ್ರ ಆಡಲಿಲ್ಲ. “ಈಗ ಹಾಡು ಮಾಡಾಕತ್ಯಾರ,” ಅಂದರು. “ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು.”

ಮಾಸ್ತರರು ಮಸೀದಿಯಿಂದ ಬಂದಾಗ ನನಗೆ ಅವರ ಬಿಳಿ ಬೂಟು ನೋಡುವುದಕ್ಕೂ ಹೇಸಿಗೆಯಾಯಿತು. ಕೋಣೆಯ ಬಾಗಿಲು ಹಾಕಿ ನೇರವಾಗಿ ಕೇಳಿದೆ. ಅವರು ಜಾರಿಕೊಳ್ಳಲಿಲ್ಲ.

“ಅಕ್ಷತಾ ಬಿದ್ದಿದ್ದಿಲ್ರಿ ಇನ್ನಾ. ಮದವಿ ಮನ್ಯಾಗ ಸಾವಿನ ಸುದ್ದಿ ಎತ್ತಬಾರದು, ನಮ್ಮ ಧಂದೇದಾಗ ಅದ ಮೊದಲನೇ ಪಾಠ. ಅಕಿ ಸ್ಟೇಜ್ ಮ್ಯಾಲ ಚೀರಿ ಅತ್ತಳಂದ್ರ ಆ ಮದಮಗಳ ಸಂಸಾರಕ್ಕ ಅಪಶಕುನ ಅಂತ ಮಂದಿ ಜೀವನಪೂರ್ತಿ ಅಂತಾರ. ಅಕ್ಷತಾ ಬೀಳ್ಲಿ ಅಂತ ತಡದ್ನಿ.”

“ಅಕ್ಷತಾ ಬಿದ್ದ ಮ್ಯಾಲ?”

“ಬೀಗರು ಇನ್ನೊಂದು ಅಂದ್ರು. ಅದಾದ ಮ್ಯಾಲ ಇನ್ನೊಂದು. ಮಂದಿ ಕುಣ್ಯಾಕತ್ತಿದ್ರು. ಬೀಟ್ ನಿಂದ್ರಸಾಕ ಕೈ ಬರ್ಲಿಲ್ರಿ ನನಗ.”

“ಅದಕ್ಕ ಏನ ಹೇಳ್ತೀರಿ?”

“ಅದಕ್ಕ ಹೇಳಾಕ ಏನೂ ಇಲ್ಲ. ಅದಕ್ಕ ಇದನ್ನ ಮಾಡಾಕತ್ತೇನಿ.”

ಆಗ ಐದನೆಯ ಹಾಡು ಎಲ್ಲಿಗೆ ಹೋಗುತ್ತದೆಂದು ವಿವರಿಸಿದರು. ಮದುವೆ ಮನೆ ಭರದಲ್ಲಿರುವಾಗ, ಹೆಣ್ಣಿನ ದನಿ ಮೇಲಿನ ಸ್ವರಕ್ಕೆ ಏರುವಾಗ, ಫೋನು ಬಂದ ಆ ಜಾಗದಲ್ಲಿ, ಬೀಟ್ ನಿಲ್ಲಬೇಕು. ಮೊದಲ ಹಾಡಿನಿಂದ ಎಲ್ಲಿಯೂ ನಿಲ್ಲದೆ ಬಂದದ್ದು ಅಲ್ಲಿ ಪೂರ್ತಿ ನಿಲ್ಲಬೇಕು. ಆಪಾ ಅದನ್ನು ಕೇಳಬೇಕು. ಅವರಿಗೆ ಬೇಕಾಗಿದ್ದದ್ದು ಇಷ್ಟೇ. ಊರು ಕೇಳಲಿ ಬಿಡಲಿ, ಹೆಂಡತಿ ಒಮ್ಮೆ ಮೊದಲಿನಿಂದ ಅಲ್ಲಿಯವರೆಗೆ ಕೂತು ಕೇಳಬೇಕು. ಆರನೆಯ ಹಾಡನ್ನು ನನ್ನಿಂದ ಹಾಡಿಸಿ ಬೇರೆ ಇಟ್ಟಿದ್ದರು. ಅದರಲ್ಲಿ ಇಬ್ಬರೂ ಮತ್ತೆ ಮಾತಾಡುತ್ತಾರೆ. “ಅದನ್ನ ಜೋಡಸೂದು ನನ್ನ ಕೈಯಾಗಿಲ್ರಿ. ಅಕಿ ಕೇಳಿ ಒಂದ ಮಾತ ಆಡಿದ್ರ ಜೋಡಸ್ತೇನಿ,” ಅಂದರು.

ನಿಲ್ಲಿಸುವುದೆಂದರೆ ಸುಲಭವೆಂದುಕೊಂಡಿದ್ದೆ. ಕಂಪ್ಯೂಟರಿನಲ್ಲಿ ಕತ್ತರಿಸಿದರೆ ಮುಗಿಯಿತಲ್ಲ! ಅವರು ಒಪ್ಪಲಿಲ್ಲ, ಕೈಯಿಂದ ನುಡಿಸುತ್ತಲೇ ನಿಲ್ಲಿಸಬೇಕೆಂದರು. ಕೈ ಎತ್ತುತ್ತಿದ್ದರು, ಆದರೆ ಹಿಮ್ಮಡಿ ನೆಲ ಕುಟ್ಟುತ್ತಲೇ ಇರುತ್ತಿತ್ತು. ಅದು ಮೈಕಿನಲ್ಲಿ ಸಣ್ಣಗೆ ಕೇಳುತ್ತಿತ್ತು. ಬೂಟು ಬಿಚ್ಚಿ ನೋಡಿದರು. ಬರಿಗಾಲೂ ಕುಟ್ಟಿತು. ಇಡೀ ಜನ್ಮ ಆ ಕಾಲಿಗೆ ಬೇರೇನೂ ಕಲಿಸಿರಲಿಲ್ಲ. ಕೊನೆಗೆ ಮಂಚದ ಮೇಲೆ ಕೂತು, ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಕಾಲು ಮಡಿಚಿ ನುಡಿಸಿದರು. ನಿಂತಿತು. ಮನೆಯೆಲ್ಲ ಎಷ್ಟು ಸುಮ್ಮನಾಯಿತೆಂದರೆ ಹಿತ್ತಿಲಿನ ಆಡು ಮೇವು ಅಗಿಯುವುದು ಕೇಳಿಸಿತು. ನಾನು ಅವರ ಮುಖ ನೋಡಲಾರದೆ ಕಿಟಕಿಯ ಕೌದಿ ನೋಡುತ್ತ ಕೂತೆ. ಸಿಟ್ಟು ಅಲ್ಲಿಗೆ ಇಳಿಯಿತು, ಕ್ಷಮಿಸಿದೆನೆಂದಲ್ಲ. ಕ್ಷಮಿಸಲು ನಾನು ಯಾರು?

ಆಪಾ ಕೇಳಲಿಲ್ಲ. ಮಾಸ್ತರರು ಹಾಡು ಹಚ್ಚಿದರೆ ಬುಟ್ಟಿ ಎತ್ತಿಕೊಂಡು ಹಿತ್ತಿಲಿಗೆ ನಡೆಯುತ್ತಿದ್ದರು. ದನಿ ಹೆಚ್ಚಿಸಿದರೆ ಪಕ್ಕದ ಮಗ್ಗದ ಮನೆಗೆ ಹೋಗಿ ಕೂರುತ್ತಿದ್ದರು. “ಅಕ್ಕಾರ, ಒಮ್ಮೆ ಕೇಳಂತ ಹೇಳ್ರಿ,” ಎಂದು ಮಾಸ್ತರರು ಅಂಗಲಾಚಿದಾಗ, “ನನಗ ಕೆಲಸಾ ಐತಂತ ಹೇಳ್ರಿ,” ಎಂದು ಉತ್ತರ ಬರುತ್ತಿತ್ತು. ನಾನೂ ಬೇಡಿಕೊಂಡೆ. ಮೊದಲ ಹಾಡಿನ ಎರಡು ಸಾಲು ಕೇಳಿ ಎದ್ದುಬಿಟ್ಟರು. “ಛಲೋ ಹಾಡೀರಿ,” ಎಂದು ನನ್ನ ಬೆನ್ನು ಸವರಿದರು ಅಷ್ಟೇ.

ಕೇಳಿದ್ದು ಊರು. ಯಾರೋ ಮೆಮೊರಿ ಕಾರ್ಡಿಗೆ ಹಾಕಿಕೊಂಡರು, ಆಟೋಗಳಿಗೆ ಹೋಯಿತು, ಟ್ರಾಕ್ಟರಿಗೆ ಹೋಯಿತು. ಓಡಿ ಬಂದ ಹಾಡಂತೂ ಹುನಗುಂದದ ಹುಡುಗರ ಬಾಯಲ್ಲೆಲ್ಲ. ಹಾಡಿಗೂ ಹಾಡಿಗೂ ಬಿಡುವಿಲ್ಲವಾದ್ದರಿಂದ ಹಚ್ಚಿದವರಿಗೆ ನಿಲ್ಲಿಸುವ ಜಾಗ ಸಿಗುತ್ತಿರಲಿಲ್ಲ. ನಮ್ಮೂರಿನ ಒಂದು ಮೆರವಣಿಗೆಯಲ್ಲಿ ನಾನೇ ಕಂಡೆ. ಜನ ಮೈಮರೆತು ಕುಣಿಯುತ್ತಿದ್ದರು. ಹಾಡು ಐದಕ್ಕೆ ಬಂತು, ಭರ್ರೆಂದು ಏರಿತು, ನಿಂತಿತು. ಎತ್ತಿದ ಕೈಗಳು ಎತ್ತಿದಂತೆಯೇ ಉಳಿದವು. ಡಿಜೆಯವನು ವೈರು ಕಿತ್ತಿತೆಂದು ಡಬ್ಬಿಗೆ ಎರಡು ಗುದ್ದಿದ. ಮಾಸ್ತರರಿಗೆ ಇದನ್ನು ಹೇಳಿ ನಗಿಸಬೇಕೆಂದು ಹೋದೆ. ಅವರು ನಗಲಿಲ್ಲ. “ಮಂದಿಯೆಲ್ಲಾ ನಿಂತ್ರೇನ್ರಿ?” ಎಂದು ಕೇಳಿದರು. ನಿಂತರೆಂದೆ. “ಅಕಿ ಕೇಳಬೇಕಿತ್ತು,” ಅಂದರು.

ಹೋದ ಚಳಿಗಾಲ ಎದೆ ಹಿಡಿದುಕೊಂಡಿತೆಂದು ಬಾಗಲಕೋಟೆಯ ದವಾಖಾನೆಗೆ ಸೇರಿಸಿದರು. ನಾನು ನೋಡಲು ಹೋದ ದಿನ ಆಪಾ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಮಾಸ್ತರರ ತುಟಿ ಒಣಗಿತ್ತು. ಆಪಾ ನರ್ಸನ್ನು ಕರೆದು, “ಸಿಸ್ಟರ್, ನೀರ ಬೇಕೇನ ಕೇಳ್ರಿ ಅವರಿಗೆ,” ಅಂದರು. ನರ್ಸು ಬೆಪ್ಪಾಗಿ ಇಬ್ಬರನ್ನೂ ನೋಡಿದಳು. ಮಾಸ್ತರರು ಕಣ್ಣು ಮುಚ್ಚಿಕೊಂಡರು. ಆ ಕ್ಷಣ ನನಗೆ ಆಪಾನ ಮೇಲೆ ಬಂದ ಸಿಟ್ಟು ಹೇಳತೀರದು. ಒಂದೇ ಒಂದು ಮಾತು, ‘ನೀರು ಬೇಕಾ’ ಎಂಬಷ್ಟು, ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಹೊರಗೆ ಬಂದು ಕಾರಿಡಾರಿನಲ್ಲಿ ಅತ್ತುಬಿಟ್ಟೆ. ಮಾಸ್ತರರು ಮರುದಿನ ತೀರಿಕೊಂಡರು.

ಇದ್ದತ್ತಿನ ದಿನಗಳಲ್ಲಿ, ಅಂದರೆ ಗಂಡ ಹೋದ ಹೆಂಗಸು ಹೊಸ್ತಿಲು ದಾಟದ ಆ ತಿಂಗಳುಗಳಲ್ಲಿ, ಒಂದು ಭಾನುವಾರ ಇಳಕಲ್ಲಿಗೆ ಹೋದೆ. ಸಿಟ್ಟು ಪೂರ್ತಿ ಆರಿರಲಿಲ್ಲ, ಆದರೂ ಕಾಲು ಎಳೆಯಿತು. ಆಪಾ ಚಹಾ ಕೊಟ್ಟರು. ಅದು ಇದು ಮಾತಾಡಿದೆವು. ಆಮೇಲೆ ಅವರು ಎದ್ದು ಹೋಗಿ ತಾವೇ ಆ ಕೋಣೆಯ ಕಿಟಕಿಗೆ ಕೌದಿ ಕಟ್ಟಿದರು.

“ಬಾಗಲಾ ಹಾಕ್ರಿ ಅಕ್ಕಾರ. ಇಂಥಾದ್ರಾಗ ಹಾಡು ಹಚ್ಯಾಳ ಅಂತ ಮಂದಿ ಅನ್ನೂದು ಬ್ಯಾಡ. ಸಣ್ಣಗ ಹಚ್ರಿ.”

ಹಚ್ಚಿದೆ. ಆಪಾ ಮಂಚದ ತುದಿಯಲ್ಲಿ, ನನ್ನ ಫೋನಿಗೆ ಜೋಡಿಸಿದ ಸ್ಪೀಕರ್ ಡಬ್ಬಿಗೆ ಎದುರಾಗಿ ಕೂತರು. ನೋಟದ ಹಾಡಿಗೆ ಸೆರಗು ಸರಿಮಾಡಿಕೊಂಡರು. ಮಾತಿನ ಹಾಡಿನಲ್ಲಿ ಒಮ್ಮೆ, “ಸುಳ್ಳು. ಮೊದಲ ನಾ ಮಾತಾಡ್ಸಿದ್ದು,” ಅಂದರು. ಬಸ್ಸಿನ ಸಾಲಿಗೆ ಅವರ ತುಟಿ ಅಲುಗಿತು. ಒಲೆ ಹೂಡಿದ ಹಾಡಿಗೆ ತಲೆ ತಗ್ಗಿಸಿದರು. ಐದನೆಯದು ಬಂದಾಗ ಎರಡೂ ಕೈಯಿಂದ ಮಂಚದ ಅಂಚು ಹಿಡಿದುಕೊಂಡರು. ನನ್ನ ದನಿ ಏರಿತು. ಬೀಟ್ ನಿಂತಿತು.

ಆಪಾ ಮಂಚದ ಅಂಚು ಬಿಡಲಿಲ್ಲ.

“ಇನ್ನೊಂದು ಐತಿ ಆಪಾ,” ಅಂದೆ. “ಅವರು ಜೋಡಿಸಿದ್ದಿಲ್ಲ. ಅದರಾಗ ನೀವಿಬ್ಬರೂ ಮತ್ತ ಮಾತಾಡ್ತೀರಿ. ಹಚ್ಚಲೇನ್ರಿ?”

ಅವರು ಅಡ್ಡಡ್ಡ ತಲೆಯಾಡಿಸಿದರು.

“ಬ್ಯಾಡ್ರಿ. ಅದು ಆಗಿಲ್ಲಲ್ಲ. ಆಗದ್ದನ್ನ ನೀವು ಹಾಡಿದ್ರ ಆದಂಗ ಆಗ್ತೈತೇನು?”

ಫೋನು ಕೆಳಗಿಟ್ಟೆ. ಆಪಾ ಕಣ್ಣು ಒರೆಸಿಕೊಂಡರು, ಮೂಗು ಒರೆಸಿಕೊಂಡರು, ಮತ್ತೆ ನೆಟ್ಟಗೆ ಕೂತರು.

“ಅವರು ನಿಂದ್ರಿಸಿದ್ದೈತಲ್ಲ, ಅಷ್ಟ ಇನ್ನೊಮ್ಮೆ ಹಚ್ರಿ.”

ಹಚ್ಚಿದೆ. ಏರಿತು, ನಿಂತಿತು. ಆಗ ಅವರು ನನ್ನನ್ನು ಮರೆತು, ಆ ಡಬ್ಬಿಯ ಕಡೆ ಬಾಗಿ, ತಮ್ಮ ಮನೆಮಾತು ಉರ್ದುವಿನಲ್ಲಿ, ಗದರುವ ಹೆಂಡತಿಯ ದನಿಯಲ್ಲಿ ಅಂದರು: ಇಷ್ಟೇ ಮಾಡಬೇಕಿತ್ತು ನೀವು, ಇಷ್ಟು ಮಾಡಿದ್ದರೆ ಸಾಕಿತ್ತಲ್ಲ.